ಮೊದಲು ಏನನ್ನು ಹುಡುಕೋಣ

ಲಿಫ್ಟಣ್ಣ ತನ್ನ ನೌಕರಿಯನ್ನೆಲ್ಲ ಒಂದೇ ಜಾಗದಲ್ಲಿ ನಿಂತು ಮುಗಿಸಿದವನು. ಆದರೂ ಅವನಷ್ಟು ಪ್ರಯಾಣ ಮಾಡಿದವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ವಿಮಾ ಕಚೇರಿಯ ಹಳೇ ಕಟ್ಟಡದಲ್ಲಿ ನೆಲಮಹಡಿಯಿಂದ ತಾರಸಿಗೆ, ತಾರಸಿಯಿಂದ ನೆಲಮಹಡಿಗೆ ಅವನು ಓಡಾಡಿದ್ದನ್ನೆಲ್ಲ ಒಂದೇ ದಿಕ್ಕಿಗೆ ಜೋಡಿಸಿದ್ದರೆ ಇಷ್ಟು ಹೊತ್ತಿಗೆ ಚಂದ್ರನನ್ನು ದಾಟಿರುತ್ತಿದ್ದ. ಯಾರೂ ಜೋಡಿಸದ ಕಾರಣ ಮಗಳ ಮನೆಯ ಮುಂದಿನ ಕೋಣೆಯಲ್ಲಿದ್ದ.

ಅವನದು ಹಿಡಿ ತಿರುಗಿಸುವ ಕಾಲದ ಲಿಫ್ಟು. ಜಾಲರಿ ಬಾಗಿಲು ಎಳೆದು, ಹಿತ್ತಾಳೆಯ ಹಿಡಿಯನ್ನು ಒಂದು ಕೂದಲೆಳೆಯಷ್ಟು ಆಚೀಚೆ ಮಾಡಿ, ಲಿಫ್ಟಿನ ನೆಲ ಮತ್ತು ಮಹಡಿಯ ನೆಲ ಸರಿಸಮ ಬರುವ ಹಾಗೆ ನಿಲ್ಲಿಸಬೇಕು. ತುಂಬಿದ ಚಹಾ ಕಪ್ಪು ಹಿಡಿದು ಹತ್ತಿದವನು ತುಂಬಿದ ಕಪ್ಪಿನೊಡನೆಯೇ ಇಳಿಯುತ್ತಿದ್ದ. ಇದೊಂದೇ ಅವನ ಜಂಬ. ಆಮೇಲೆ ಗುಂಡಿ ಒತ್ತಿದರೆ ತಾನಾಗಿಯೇ ಹೋಗುವ ಲಿಫ್ಟು ಬಂತು. ಕಚೇರಿಯವರು ಅವನಿಗೊಂದು ಗೋಡೆ ಗಡಿಯಾರ ಕೊಟ್ಟು, ನಾಲ್ಕು ಒಳ್ಳೆಯ ಮಾತು ಹೇಳಿ, ಹೊಸ ಲಿಫ್ಟಿನ ಕೆಲಸ ನಡೆಯುತ್ತಿದ್ದ ಕಾರಣ ಮೆಟ್ಟಿಲಿನಿಂದ ಇಳಿಸಿ ಕಳಿಸಿದರು.

ಕೆಲಸ ಬಿಟ್ಟರೂ ಬಾಯಿಗೆ ಬಿದ್ದ ರೂಢಿ ಬಿಡಲಿಲ್ಲ. ಯಾವುದೇ ಚಿಕ್ಕ ಕೋಣೆಯ ಬಾಗಿಲು ಮುಚ್ಚಿದೊಡನೆ ಅವನ ಗಂಟಲಿನಿಂದ "ಎಷ್ಟನೇ ಮಹಡಿ?" ಎಂದು ಬಂದುಬಿಡುತ್ತಿತ್ತು. ಮಗಳ ಮನೆಯ ಬಚ್ಚಲಿನಲ್ಲೂ ಇದೇ ಕಥೆ. ಅಳಿಯ ಮೊದಮೊದಲು ಹೆದರಿದ. ಆಮೇಲೆ ಹೊರಗಿನಿಂದಲೇ, "ಮೂರನೇದು ಮಾವ, ಬೇಗ ಬನ್ನಿ, ನನಗೂ ಆಫೀಸಿದೆ" ಎಂದು ಉತ್ತರ ಕೊಡಲು ಕಲಿತ.

ಮಗಳೇ ಅವನನ್ನು ಹಿರಿಯರ ಹಗಲು ಕೇಂದ್ರಕ್ಕೆ ಸೇರಿಸಿದ್ದು. ಕೇಂದ್ರ ಇದ್ದದ್ದು ಮುಚ್ಚಿಹೋದ ಬ್ಯಾಂಕೊಂದರ ಕಟ್ಟಡದಲ್ಲಿ. ನಗದು ಕೊಡುವ ಕಂಬಿ ಕಿಂಡಿಯಿಂದ ಚಹಾ ಕೊಡುತ್ತಿದ್ದರು. ತಿಜೋರಿ ಇದ್ದ ಕೋಣೆಯಲ್ಲಿ ಮಧ್ಯಾಹ್ನ ಮಲಗುವ ವ್ಯವಸ್ಥೆ ಇತ್ತು. ಅಲ್ಲಿ ಗೊರಕೆ ಹೊಡೆದರೆ ಒಂದು ಚೂರೂ ಹೊರಗೆ ಬರುತ್ತಿರಲಿಲ್ಲ, ಅಷ್ಟು ದಪ್ಪ ಬಾಗಿಲು.

ಅಲ್ಲೇ ಅವನಿಗೆ ಗೋದಾಮಣ್ಣ ಸಿಕ್ಕಿದ್ದು.

ಗೋದಾಮಣ್ಣ ಯಾವುದೋ ಗೋದಾಮಿನ ಕಾವಲುಗಾರನಾಗಿದ್ದವನು. ಬೀಗ ಹಾಕಿದ ಬಾಗಿಲಿನಂಥ ಮುಖ. ಅವನ ಬಾಳಿಗೆಲ್ಲ ಒಂದೇ ನಿಯಮ: ಬದಲಿ ಆಳು ಬಂದು ಚಾರ್ಜು ತೆಗೆದುಕೊಳ್ಳುವ ತನಕ ಜಾಗ ಬಿಡಬಾರದು. ತನ್ನ ಮದುವೆಯ ದಿನ ಬದಲಿ ಆಳು ಬರಲಿಲ್ಲವೆಂದು ಗೇಟಿನಲ್ಲೇ ಕೂತಿದ್ದನಂತೆ. ಇವನು ಹೋಗುವಷ್ಟರಲ್ಲಿ ಹುಡುಗಿ ಮನಸ್ಸು ಬದಲಿಸಿದ್ದಳು. "ಅವಳದೂ ತಪ್ಪಿಲ್ಲ, ನಂದೂ ತಪ್ಪಿಲ್ಲ. ತಪ್ಪೆಲ್ಲ ಆ ಬದಲಿ ಆಳಿಂದು" ಎಂದು ಹೇಳುತ್ತಿದ್ದ. ಆಮೇಲೆ ಮದುವೆಯ ಗೋಜಿಗೆ ಹೋಗಲಿಲ್ಲ.

ಇಬ್ಬರೂ ದಿನಾ ಚೆಸ್ ಆಡುತ್ತಿದ್ದರು. ಆಟಕ್ಕಿಂತ ಮಾತು ಜಾಸ್ತಿ.

"ನಿನ್ನ ಕುದುರೆ ನನ್ನ ಕಡೆ ಬರ್ತಾ ಇದೆಯಲ್ಲ, ಗೇಟ್ ಪಾಸ್ ಇದೆಯೇನೋ ಅದಕ್ಕೆ?" ಎಂದು ಗೋದಾಮಣ್ಣ.

"ನಿನ್ನ ಮಂತ್ರಿಯನ್ನ ನೋಡ್ಕೋ. ಈಗ ನೆಲಮಹಡಿಗೆ ಇಳಿಸ್ತೀನಿ" ಎಂದು ಲಿಫ್ಟಣ್ಣ.

ಒಂದು ದಿನ ಆಟ ಬಿಗಿಯಾಗಿ ನಿಂತಿದ್ದಾಗ ಮನೆಗೆ ಹೋಗುವ ಹೊತ್ತಾಯಿತು. ಗೋದಾಮಣ್ಣನ ಸರದಿ. "ನಾಳೆ ಬಂದು ವಿಚಾರಿಸ್ಕೊಳ್ತೀನಿ ನಿನ್ನನ್ನ, ಇದನ್ನ ಯಾರೂ ಮುಟ್ಟದ ಹಾಗೆ ನೋಡ್ಕೋ" ಎಂದು ಎದ್ದು ಹೋದ. ಮಾರನೆಯ ದಿನ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಬೇಸಗೆ ಬಂತು, ಮುಗಿಯಿತು, ಬರಲಿಲ್ಲ.

ಲಿಫ್ಟಣ್ಣ ಕಾಯಿಗಳನ್ನು ಮುಟ್ಟಲಿಲ್ಲ, ಬೇರೆಯವರಿಗೂ ಮುಟ್ಟಲು ಬಿಡಲಿಲ್ಲ. ದಿನಾ ಬೆಳಿಗ್ಗೆ ಬಂದು ಧೂಳು ಊದಿ ಎದುರಿಗೆ ಕೂರುತ್ತಿದ್ದ. ಕಿಟಕಿಯ ಪಕ್ಕದ ಟೇಬಲ್ಲು ಅದೊಂದೇ. ನಿವೃತ್ತ ಟೀಚರಮ್ಮನಿಗೆ ಹೆಣಿಗೆ ಹಾಕಲು ಅಲ್ಲಿಯ ಬೆಳಕೇ ಬೇಕು.

"ಅವರು ಬರಲ್ಲಾರೀ ಇನ್ನು. ಎತ್ತಿಡಿ ಅದನ್ನ" ಎಂದಳು ಟೀಚರಮ್ಮ ಒಂದು ದಿನ.

"ಬರ್ತಾನೆ. ಅವನ ಸರದಿ ಇದೆ."

"ಮೇಲೆ ಹೋಗಿದ್ದರೆ?"

ಟೀಚರಮ್ಮ ಸಹಜವಾಗಿಯೇ ಹೇಳಿದ್ದು. ಆದರೆ ಲಿಫ್ಟಣ್ಣ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಅವನು ಜೀವಮಾನವೆಲ್ಲ ಜನರನ್ನು ಮೇಲೆ ಕಳಿಸಿದವನು. ಹೋದವರೆಲ್ಲ ಸಂಜೆಗೆ ಇಳಿದುಬಂದಿದ್ದರು. ಇಳಿದು ಬರದೆ ಹೋದವನೆಂದರೆ ಇವನೊಬ್ಬನೇ. ಸತ್ತಿದ್ದರೆ ಯಾರಾದರೂ ಹೇಳಬೇಕಿತ್ತಲ್ಲ. ಹೇಳುವವರಾದರೂ ಯಾರು? ಕೇಂದ್ರದ ಹಳೆಯ ಸಿಬ್ಬಂದಿಯೆಲ್ಲ ವರ್ಗವಾಗಿತ್ತು. ಹೊಸದಾಗಿ ಬಂದ ಸಮಾಜಕಾರ್ಯಕರ್ತೆಯನ್ನು, ಎಲ್ಲರೂ ಮೇಡಮ್ಮ ಎಂದು ಕರೆಯುತ್ತಿದ್ದವಳನ್ನು, ಕೇಳಿದರೆ ಅವಳು ಕಪಾಟು ತೆಗೆದು ನೋಡಿ, "'ಬೇರೆಡೆಗೆ' ಅಂತ ಮಾತ್ರ ಇದೆ ತಾತ" ಎಂದಳು.

"ಬೇರೆಡೆ ಅಂದ್ರೆ ಯಾವ ಕಡೆಯಮ್ಮ? ಮೇಲಕ್ಕಾ?"

ಅವಳಿಗೂ ಗೊತ್ತಿರಲಿಲ್ಲ.

ಇಂಥ ಸಮಯದಲ್ಲಿ ಒಂದು ಸಂಶೋಧನಾ ಸಂಸ್ಥೆಯವರು ಬಂದರು. ಬಂದದ್ದು ಒಬ್ಬರೇ, ಆದರೆ ಕೊರಳಿಗೆ ಹಾಕಿಕೊಂಡ ಬಿಲ್ಲೆಯ ಮೇಲೆ ಅಷ್ಟುದ್ದ ಬರೆದಿತ್ತಾದ್ದರಿಂದ ನಾಲ್ಕು ಜನ ಬಂದ ಹಾಗಿತ್ತು. ಹಿರಿಯರು ಅವರನ್ನು ಬಿಲ್ಲೆಯವರು ಎಂದೇ ಕರೆದರು. ಅವರು ಗೋಡೆಗೆ ಒಂದು ಬಟ್ಟೆಯ ಫಲಕ ಕಟ್ಟಿಸಿದರು: ಹಿರಿಯರೊಂದಿಗೆ ಸಮಾಜಕಾರ್ಯ, ಸಂಶೋಧನಾ ಆದ್ಯತೆಗಳ ನಿರ್ಧಾರ. ಮುಂದಿನ ವರ್ಷಗಳಲ್ಲಿ ಹಿರಿಯರ ಬಗ್ಗೆ ಯಾವ ಯಾವ ಸಂಶೋಧನೆ ಆಗಬೇಕು, ಯಾವುದು ಮೊದಲು ಆಗಬೇಕು ಎಂದು ಹಿರಿಯರನ್ನೇ ಕೇಳುವುದು ಅವರ ಉದ್ದೇಶ. ಉದ್ದೇಶವೇನೋ ಒಳ್ಳೆಯದೇ. ಎಡವಟ್ಟು ಮಾಡಿದ್ದು ಅದರ ಹಿಂದೆ ಇದ್ದ ಎರಡು ನಿಯಮಗಳು. ಹಿರಿಯರನ್ನು ಆಡುಮಾತಿನಲ್ಲೇ ಕೇಳತಕ್ಕದ್ದು. ಹಿರಿಯರು ಹೇಳಿದ್ದನ್ನು ಯಾವ ಕಾರಣಕ್ಕೂ ತಿದ್ದತಕ್ಕದ್ದಲ್ಲ.

"ಆದ್ಯತೆ ಅಂದ್ರೇನಮ್ಮ?" ಎಂದು ಹಿಂದಿನ ಸಾಲಿನಿಂದ ನಿವೃತ್ತ ದರ್ಜಿ ಕೇಳಿದ.

ಮೇಡಮ್ಮ ಯೋಚಿಸಿ, "ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು" ಎಂದಳು.

"ಸಂಶೋಧನೆ?"

"ಅದು... ಹುಡುಕೋದು."

"ಅಂದ್ರೆ ಮೊದಲು ಏನನ್ನ ಹುಡುಕಬೇಕು ಅಂತ ನಾವು ಹೇಳಬೇಕು."

"ಹೌದು. ನೀವು ಹೇಳಿ, ಇವರು ಹುಡುಕ್ತಾರೆ" ಎಂದು ಮೇಡಮ್ಮ ಬಿಲ್ಲೆಯವರ ಕಡೆ ಕೈ ತೋರಿಸಿದಳು. ಬಿಲ್ಲೆಯವರು ಸಂತೋಷದಿಂದ ತಲೆಯಾಡಿಸಿದರು.

ಕೋಣೆಯಲ್ಲಿ ಒಂದು ಸಂಚಲನ ಎದ್ದಿತು. ತೂಕಡಿಸುತ್ತಿದ್ದವರು ಎಚ್ಚೆತ್ತರು. ಇಷ್ಟು ವರ್ಷಗಳಲ್ಲಿ ಎಷ್ಟೋ ಜನ ಅಧಿಕಾರಿಗಳು ಬಂದು ಸಕ್ಕರೆ ತಿನ್ನಬೇಡಿ, ವಾಕಿಂಗ್ ಹೋಗಿ ಎಂದು ಹೇಳಿಹೋಗಿದ್ದರು. ಕಳೆದುಹೋದದ್ದನ್ನು ಹುಡುಕಿಕೊಡುತ್ತೇವೆ ಎಂದು ಬಂದವರು ಇವರೇ ಮೊದಲು.

"ಹುಡುಕಿಯೇ ಹುಡುಕ್ತೀರಾ?" ಎಂದು ಟೀಚರಮ್ಮ ಖಚಿತಪಡಿಸಿಕೊಂಡಳು.

"ಅದಕ್ಕಾಗಿಯೇ ನಮ್ಮ ಸಂಸ್ಥೆ ಇರುವುದು."

"ಹಾಗಿದ್ರೆ ನನ್ನ ಕನ್ನಡಕ ಬರ್ಕೊಳ್ಳಿ. ನಿನ್ನೆಯಿಂದ ಕಾಣ್ತಿಲ್ಲ."

ಕನ್ನಡಕ ಅವಳ ತಲೆಯ ಮೇಲಿತ್ತು. ಎಲ್ಲರಿಗೂ ಕಾಣುತ್ತಿತ್ತು. ಆದರೆ ಹಿರಿಯರು ಹೇಳಿದ್ದನ್ನು ತಿದ್ದುವ ಹಾಗಿರಲಿಲ್ಲ. ಬಿಲ್ಲೆಯವರು ಬಿಳಿ ಹಲಗೆಯ ಮೇಲೆ 'ದೃಷ್ಟಿ ಮತ್ತು ವೃದ್ಧಾಪ್ಯ' ಎಂದು ಬರೆದರು. (ತಲೆಯ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಹುಡುಕುವುದು ವಯಸ್ಸಾದವರ ಸ್ವತ್ತೇನಲ್ಲ. ನನ್ನಂಥ ನಡುವಯಸ್ಸಿನವರೂ ಆ ವಿದ್ಯೆಯಲ್ಲಿ ಸಾಕಷ್ಟು ಮುಂದುವರಿದಿದ್ದೇವೆ.)

ದರ್ಜಿ ತನ್ನ ಮೇಲಿನ ಸಾಲಿನ ಹಲ್ಲಿನ ಸೆಟ್ಟನ್ನು ಬರೆಸಿದ. ಅದು 'ಬಾಯಿಯ ಆರೋಗ್ಯ' ಆಯಿತು. ಇನ್ನೊಬ್ಬರ ಮರಳಿ ಬಾರದ ಕೊಡೆ 'ಹವಾಮಾನ ಮತ್ತು ಹಿರಿಯರು' ಆಯಿತು. ಹಲಗೆ ತುಂಬುತ್ತ ಬಂದ ಹಾಗೆ ಬಿಲ್ಲೆಯವರ ಮುಖ ಅರಳುತ್ತ ಹೋಯಿತು. ಇಷ್ಟು ಚುರುಕಾದ ಸಭೆಯನ್ನು ಅವರು ಕಂಡಿರಲಿಲ್ಲ.

ಲಿಫ್ಟಣ್ಣ ಕೈ ಎತ್ತಿದ. "ನಮ್ಮ ಗೋದಾಮಣ್ಣನ್ನ ಹುಡುಕಬೇಕು."

"ಗೋದಾಮಣ್ಣ ಅಂದರೆ?"

"ನನ್ನ ಜೊತೆ ಚೆಸ್ ಆಡ್ತಿದ್ದವನು. ಗೋದಾಮು ಕಾಯ್ತಿದ್ದ. ಬೀಗದ ಹಾಗೆ ಮುಖ. ಬೇಸಗೆಗೆ ಮುಂಚೆ ಹೋದವನು ಬಂದಿಲ್ಲ. ಬದುಕಿದ್ದಾನೋ ಇಲ್ಲವೋ ಅಷ್ಟು ಗೊತ್ತಾದ್ರೆ ಸಾಕು."

ಬಿಲ್ಲೆಯವರು ಬರೆಯಲು ಎತ್ತಿದ ಕೈ ಹಾಗೇ ನಿಂತಿತು. ಒಂದು ಲೋಟ ನೀರು ಕುಡಿದರು. ಇನ್ನೊಂದು ಲೋಟ ಕೇಳಿದರು. ಗೋದಾಮಣ್ಣನಿಗೆ ಯಾವ ದೊಡ್ಡ ಹೆಸರೂ ಹೊಳೆಯಲಿಲ್ಲವೋ ಏನೋ, ಕೊನೆಗೆ 'ಗೋದಾಮಣ್ಣ' ಎಂದಷ್ಟೇ ಬರೆದರು.

ಮತ ಹಾಕುವ ಹೊತ್ತಿಗೆ ದರ್ಜಿ ತನ್ನ ಚೀಲದಿಂದ ಗುಂಡಿಗಳನ್ನು ಹಂಚಿದ. ಹಲಗೆಯಲ್ಲಿದ್ದ ಒಂದೊಂದಕ್ಕೂ ಒಂದೊಂದು ಡಬ್ಬಿ, ಯಾವುದನ್ನು ಮೊದಲು ಹುಡುಕಬೇಕೋ ಅದರ ಡಬ್ಬಿಗೆ ಗುಂಡಿ ಹಾಕಬೇಕು. ಪ್ರತಿಯೊಬ್ಬರೂ ತಮ್ಮ ತಮ್ಮ ಡಬ್ಬಿಯ ಕಡೆಗೇ ಹೊರಟಿದ್ದರು. ಆಗ ಟೀಚರಮ್ಮ ಒಂದು ಮಾತು ಹೇಳಿದಳು.

"ನೋಡಿ, ಆ ಗೋದಾಮಿನವರು ಸಿಕ್ಕರೆ ಆಟ ಮುಗಿಯುತ್ತೆ. ಆಟ ಮುಗಿದರೆ ಟೇಬಲ್ಲು ಖಾಲಿ ಆಗುತ್ತೆ. ಟೇಬಲ್ಲು ಎಲ್ಲರಿಗೂ ಬೇಕು. ನಿಮ್ಮ ಹಲ್ಲಿನ ಸೆಟ್ಟು ಯಾರಿಗೆ ಬೇಕು?"

ದರ್ಜಿಗೂ ಅದು ಹೌದೆನ್ನಿಸಿತು. ಗುಂಡಿಗಳೆಲ್ಲ ಗೋದಾಮಣ್ಣನ ಡಬ್ಬಿಗೆ ಬಿದ್ದವು. ಲಿಫ್ಟಣ್ಣನ ಕಣ್ಣು ತುಂಬಿಬಂತು. ಗೆಳೆಯನ ಮೇಲೆ ಎಲ್ಲರಿಗೂ ಇಷ್ಟು ಪ್ರೀತಿ ಇದೆಯೆಂದು ಅವನಿಗೆ ತಿಳಿದಿರಲಿಲ್ಲ.

ಕೆಲವು ದಿನಕ್ಕೆ ಸಂಸ್ಥೆಯಿಂದ ಅಚ್ಚಾದ ಪುಸ್ತಿಕೆ ಬಂತು. ಒಳ್ಳೆಯ ಕಾಗದ, ಮುಖಪುಟದಲ್ಲಿ ನಗುವ ಮುದುಕರು. ಒಳಗೆ ಮುಂದಿನ ವರ್ಷಗಳ ಸಂಶೋಧನಾ ಆದ್ಯತೆಗಳಲ್ಲಿ ಮೊದಲನೆಯದು: ಗೋದಾಮಣ್ಣ. ಜೊತೆಗೆ ಮೇಡಮ್ಮನಿಗೆ ಒಂದು ಆದೇಶ. ಮೊದಲ ಆದ್ಯತೆಯ ಕ್ಷೇತ್ರಕಾರ್ಯವನ್ನು ಕೂಡಲೇ ಆರಂಭಿಸತಕ್ಕದ್ದು.

"ಅಂದ್ರೆ ಏನಮ್ಮ?" ಎಂದ ಲಿಫ್ಟಣ್ಣ.

"ಅಂದ್ರೆ ನಾನು ಹೋಗಿ ಅವರನ್ನ ಹುಡುಕಬೇಕು ತಾತ" ಎಂದಳು ಅವಳು ತಲೆಯ ಮೇಲೆ ಕೈ ಇಟ್ಟುಕೊಂಡು. "ಅವರ ನಿಜವಾದ ಹೆಸರೇನು?"

"ಗೋದಾಮಣ್ಣ."

"ಅದಲ್ಲ, ಮನೆಯಲ್ಲಿ ಕರೆಯೋದು."

"ಮನೆಯಲ್ಲಿ ಕರೆಯೋಕೆ ಯಾರಿದ್ದಾರೆ?"

"ಮನೆ ಎಲ್ಲಿ?"

ಲಿಫ್ಟಣ್ಣ ಯೋಚಿಸಿದ. ಅಷ್ಟು ದಿನ ಎದುರುಬದುರು ಕೂತಿದ್ದರೂ ಇಬ್ಬರೂ ಒಬ್ಬರನ್ನೊಬ್ಬರು ಮನೆ ಎಲ್ಲಿ ಎಂದು ಕೇಳಿರಲಿಲ್ಲ. ಕೇಳಲು ಪುರಸೊತ್ತೇ ಇರಲಿಲ್ಲ, ಸದಾ ಯಾರದಾದರೂ ಮಂತ್ರಿ ಸಾಯುವ ಹಂತದಲ್ಲಿರುತ್ತಿದ್ದ. "ಗೇಟು ದಾಟಿ ಆ ಕಡೆ ಹೋಗ್ತಿದ್ದ" ಎಂದು ಕೈ ಮಾಡಿದ. ಅವನ ಕಸುಬಿನಲ್ಲಿ ಎಡಬಲಗಳಿಗೆ ಕೆಲಸವಿರಲಿಲ್ಲವಾದ್ದರಿಂದ ಆ ಕೈ ಸ್ವಲ್ಪ ಮೇಲಕ್ಕೂ ಹೋಯಿತು. ಮೇಡಮ್ಮ ಅದನ್ನು ಎಡಗಡೆ ಎಂದು ತಿಳಿದುಕೊಂಡಳು.

ಇಬ್ಬರೂ ಹೊರಟರು. ಲಿಫ್ಟಣ್ಣ ಚೆಸ್ ಹಲಗೆಯನ್ನು ಕಾಯಿಗಳ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡ. ಬಿಟ್ಟುಹೋದರೆ ಅವನು ಗೇಟು ದಾಟುವಷ್ಟರಲ್ಲಿ ಟೀಚರಮ್ಮ ನೂಲಿನ ಉಂಡೆ ಹರಡಿರುತ್ತಾಳೆ ಎಂದು ಅವನಿಗೆ ಗೊತ್ತಿತ್ತು.

"ತಾತ, ಇದನ್ನ ಹಿಡ್ಕೊಂಡು ಬೀದಿಯಲ್ಲಿ ಹೇಗೆ ಬರ್ತೀರ?"

"ನೀನು ನಡಿಯಮ್ಮ. ಒಂದು ಕಾಯಿ ಅಲುಗಿದ್ರೆ ಕೇಳು."

ಅಲುಗಲಿಲ್ಲ. ಪಾದಚಾರಿ ಮಾರ್ಗದ ಕಲ್ಲುಗಳು ಎದ್ದಿದ್ದವು, ಸೈಕಲ್ಲು ಮೈಮೇಲೆ ಬಂತು, ಒಂದು ನಾಯಿ ಹಿಂದೆ ಬಿತ್ತು. ಲಿಫ್ಟಣ್ಣ ಹಳೇ ಲಿಫ್ಟು ನಡೆಸಿದ ಹಾಗೆ ಹಲಗೆಯನ್ನು ನಡೆಸಿದ. ಹಾದಿಯಲ್ಲಿ ಹೋಗುವವರು ಕೇಕು ಹೊತ್ತಿದ್ದಾನೆಂದು ತಿಳಿದು ದಾರಿ ಬಿಟ್ಟರು. ಒಬ್ಬಳು ಮುದುಕಿ ಯಾರ ಹುಟ್ಟುಹಬ್ಬ ಎಂದೂ ಕೇಳಿದಳು.

ಕ್ಷೌರದಂಗಡಿಯಲ್ಲಿ ಮೊದಲ ಸುಳಿವು ಸಿಕ್ಕಿತು. "ಓ, ಅವರಾ. ಬರ್ತಾರೆ" ಎಂದ ಕ್ಷೌರಿಕ ಕತ್ತರಿ ನಿಲ್ಲಿಸದೆ. ಲಿಫ್ಟಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬರ್ತಾರೆ ಎಂದರೆ ಬದುಕಿದ್ದಾನೆ. "ಆದರೆ ಮಾತಿಲ್ಲ. ಮುಂಚೆ ಮಾತಿಗೆ ಕೂತರೆ ಏಳ್ತಿರಲಿಲ್ಲ, ಈಗ ಸನ್ನೆ ಮಾಡ್ತಾರೆ. ಎಷ್ಟು ಚಿಕ್ಕದು ಮಾಡ್ಲಿ ಅಂದ್ರೆ ಬೆರಳಲ್ಲಿ ತೋರಿಸ್ತಾರೆ. ಗಂಟಲು ಆಪರೇಷನ್ ಆಗಿದೆಯೇನೋ ಅನ್ಕೊಂಡೆ. ಐಸ್ ಫ್ಯಾಕ್ಟರಿ ಹಿಂದಿನ ಎತ್ತರದ ಬಿಲ್ಡಿಂಗು ನೋಡಿ, ಅಲ್ಲೇ."

ಬದುಕಿದ್ದೂ ಬಂದಿಲ್ಲ. ಲಿಫ್ಟಣ್ಣ ಐಸ್ ಫ್ಯಾಕ್ಟರಿಯ ಕಡೆ ಹೆಜ್ಜೆ ಹಾಕಿದ. ಸತ್ತಿದ್ದಾನೆಂಬ ಭಯ ಹೋದ ಜಾಗದಲ್ಲಿ ಇನ್ನೊಂದು ಬಂದು ಕೂತಿತ್ತು. ನನ್ನ ಮೇಲೆ ಕೋಪವೇನೋ. ಆ ದಿನ ಅವನ ಆನೆ ಹೊಡೆದಾಗ ಸ್ವಲ್ಪ ಜಾಸ್ತಿಯೇ ನಕ್ಕಿದ್ದೆ.

ಎತ್ತರದ ಕಟ್ಟಡಕ್ಕೆ ಲಿಫ್ಟಿತ್ತು, ಗುಂಡಿಯದು. ಲಿಫ್ಟಣ್ಣ ಅದನ್ನು ಸವತಿಯನ್ನು ನೋಡುವ ಹಾಗೆ ನೋಡಿದ. ಒಳಗೆ ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳಿದ್ದಳು. ಬಾಗಿಲು ಮುಚ್ಚಿತು.

"ಎಷ್ಟನೇ ಮಹಡಿ?" ಎಂದಿತು ಲಿಫ್ಟಣ್ಣನ ಬಾಯಿ.

"ಐದು" ಎಂದಳು ಹೆಂಗಸು. "ನಾಲ್ಕರಲ್ಲಿ ಮಾತ್ರ ನಿಲ್ಲಿಸಬೇಡಿ ಮಾರಾಯ್ರೇ. ಅಲ್ಲೊಬ್ಬರು ಹಿರಿಯರು ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಊಟ ಆಯ್ತಾ ಅಂತ ಕೇಳಿದ್ರೆ, ಡ್ಯೂಟಿಯಲ್ಲಿದ್ದೀನಿ, ಮಾತಾಡಿಸಬೇಡಿ ಅಂತ ಗದರಿಸ್ತಾರೆ."

ಲಿಫ್ಟಣ್ಣ ಮೊಣಕೈಯಿಂದ ನಾಲ್ಕನೆಯ ಗುಂಡಿ ಒತ್ತಿದ. ಆ ಲಿಫ್ಟಿಗೆ ನಾಗರಿಕತೆ ಎಂಬುದಿರಲಿಲ್ಲ. ನಾಲ್ಕನೆಯ ಮಹಡಿ ಬಂದೊಡನೆ ಧಡಕ್ಕನೆ ಕುಲುಕಿ ನಿಂತಿತು. ಇಡೀ ಊರು ದಾಟಿ ಬಂದ ಕಾಯಿಗಳು, ರಾಜ, ಮಂತ್ರಿ, ಕುದುರೆ, ಒಂಟೆ ಎಲ್ಲ ಒಟ್ಟಿಗೆ ಮೇಲೆದ್ದು ಲಿಫ್ಟಿನ ನೆಲದ ತುಂಬ ಉರುಳಿದವು.

ಬಾಗಿಲು ತೆರೆಯಿತು. ಎದುರಿಗೇ ಕುರ್ಚಿ. ಕುರ್ಚಿಯ ಬೆನ್ನು ಗೋಡೆಗೆ, ಮುಖ ದಾರಿಗೆ. ಅದರ ಮೇಲೆ ಗೋದಾಮಣ್ಣ, ಅದೇ ಬೀಗದ ಮುಖ.

"ಅಲ್ಲೇ ನಿಲ್ಲು" ಎಂದ ಗೋದಾಮಣ್ಣ.

"ಬದುಕಿದ್ದೀಯೇನೋ ನೀನು?" ಎಂದ ಲಿಫ್ಟಣ್ಣ ಲಿಫ್ಟಿನೊಳಗೆ ಮೊಣಕಾಲೂರಿ ಕಾಯಿ ಆರಿಸುತ್ತ.

"ಡ್ಯೂಟಿಯಲ್ಲಿದ್ದೀನಿ. ಮಾತಾಡಿಸಬೇಡ. ಲೆಕ್ಕ ಕೆಡುತ್ತೆ."

"ಏನು ಡ್ಯೂಟಿ?"

ಗೋದಾಮಣ್ಣ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಒಂಟಿಯಾಗಿರೋ ಡ್ಯೂಟಿ."

"ಒಂಟೆ ಆಗಿರೋದಾ?"

"ಒಂಟೆ ಅಲ್ಲ ಕಿವುಡ, ಒಂಟಿ. ಆ ಸಂಜೆ ಬಿಲ್ಲೆ ಹಾಕ್ಕೊಂಡ ಒಬ್ಬರು ಮನೆಗೆ ಬಂದು ಚೀಟಿ ಎತ್ತಿದ್ರು. ಅರ್ಧ ಜನ ಕೇಂದ್ರಕ್ಕೆ ಹೋಗಬೇಕು, ಅರ್ಧ ಜನ ಹೋಗಬಾರದು. ಹೋಗದೇ ಇದ್ದವರಿಗೆ ಎಷ್ಟು ಒಂಟಿತನ ಆಗುತ್ತೆ ಅಂತ ನೋಡಿ, ಹೋಗೋರ ಜೊತೆ ಹೋಲಿಸ್ತಾರಂತೆ. ನನಗೆ ಹೋಗಬಾರದ್ದು ಬಂತು. ಯಾರಿಗೂ ಹೇಳಬಾರದು ಅಂದ್ರು. ಸರ್ಕಾರಿ ಕೆಲಸದ ಹಾಗೇ ಅಲ್ವಾ, ಒಪ್ಕೊಂಡೆ. ಶನಿವಾರ ಶನಿವಾರ ಫೋನ್ ಮಾಡಿ, ಒಂದರಿಂದ ಹತ್ತರಲ್ಲಿ ಎಷ್ಟು ಒಂಟಿ ಅಂತ ಕೇಳ್ತಿದ್ರು."

"ಈಗ?"

"ಈಗ ಫೋನ್ ನಿಂತಿದೆ. ಆದ್ರೂ ನಾನು ಬಿಟ್ಟಿಲ್ಲ. ಕ್ಷೌರಕ್ಕೆ ಹೋದ್ರೂ ಮಾತಾಡಲ್ಲ. ಶನಿವಾರ ಗೋಡೆಗೆ ಹೇಳ್ತೀನಿ." ಬೀಗದ ಮುಖದಲ್ಲಿ ಹೆಮ್ಮೆಯ ಒಂದು ಗೆರೆ ಮೂಡಿತು. "ಮೊದಲು ನಾಲ್ಕು ಇತ್ತು. ಕಷ್ಟಪಟ್ಟು ಒಂಬತ್ತಕ್ಕೆ ತಂದಿದ್ದೀನಿ."

ಮೇಡಮ್ಮ ಫೋನು ತೆಗೆದು, ಎಲ್ಲರಿಗೂ ಕೇಳುವ ಹಾಗೆ ಇಟ್ಟು ಬಿಲ್ಲೆಯವರಿಗೆ ಕರೆ ಮಾಡಿದಳು.

"ಆ ಅಧ್ಯಯನ ಮುಗಿದುಹೋಯ್ತಲ್ಲ" ಎಂದಿತು ಫೋನು. "ವರದಿಯೂ ಬಂತು. ಒಂಟಿತನದ ಬಗ್ಗೆ ಇನ್ನಷ್ಟು ಸಂಶೋಧನೆ ಅಗತ್ಯ ಅಂತ ತೀರ್ಮಾನ."

"ಹಾಗಾದ್ರೆ ಇವರಿಗೆ ಮುಗೀತು ಅಂತ ಹೇಳಬೇಕಿತ್ತಲ್ಲ ಸರ್."

"ಯಾರಿಗೆ?"

"ಗೋದಾಮಣ್ಣನವರಿಗೆ."

ಫೋನಿನಲ್ಲಿ ನೀರು ಕುಡಿದ ಸದ್ದು. "ನೋಡಿ, ಭಾಗವಹಿಸಿದವರ ಗುರುತು ಗೋಪ್ಯ. ಅವರು ಯಾರು ಅಂತ ನನಗೆ ಗೊತ್ತಿದೆ ಅಂತ ನಾನು ಹೇಳೋ ಹಾಗಿಲ್ಲ. ಸಭೆಯಲ್ಲಿ ಅವರ ಹೆಸರು ಬಂದಾಗ ನನ್ನ ಪಾಡು ನನಗೇ ಗೊತ್ತು. ಹೇಳಿದ್ರೆ ಗೋಪ್ಯ ಹೋಗುತ್ತೆ, ಅಳಿಸಿದ್ರೆ ಹಿರಿಯರ ಮಾತು ತಿದ್ದಿದ ಹಾಗಾಗುತ್ತೆ."

"ಸರ್, ಅವರು ಇಲ್ಲೇ ಎದುರಿಗೇ ಇದ್ದಾರೆ. ಕೊಡ್ಲಾ?"

"ದಯವಿಟ್ಟು ಕೊಡಬೇಡಿ" ಎಂದು ಫೋನು ಸತ್ತಿತು.

"ಕೇಳಿದ್ಯಲ್ಲ, ಮುಗೀತಂತೆ. ಏಳು, ಹೋಗೋಣ" ಎಂದ ಲಿಫ್ಟಣ್ಣ.

ಗೋದಾಮಣ್ಣ ಅಲ್ಲಾಡಲಿಲ್ಲ. "ಅವರು ಹೇಳಿದ್ದು ಈ ಅಮ್ಮನಿಗೆ. ನನಗೆ ಹೇಳಲಿಲ್ಲ. ಬದಲಿ ಆಳು ಬರದೆ ನಾನು ಜಾಗ ಬಿಡಲ್ಲ, ನಿನಗೆ ಗೊತ್ತಲ್ಲ."

"ಅಯ್ಯೋ ನಿನ್ನ. ಮದುವೆ ಹೋಯ್ತು, ಇನ್ನು ಇದೂ ಹೋಗ್ಲಾ?"

"ಹೋದ್ರೆ ಹೋಗ್ಲಿ."

ಲಿಫ್ಟಣ್ಣ ಕಾಯಿಗಳನ್ನೆಲ್ಲ ಅಂಗಿಯ ಮಡಿಲಲ್ಲಿ ಹಾಕಿಕೊಂಡು ಎದ್ದ. ಹೊಸ್ತಿಲಿನ ಈಚೆಗೆ ನಿಂತು ಬೆನ್ನು ನೆಟ್ಟಗೆ ಮಾಡಿಕೊಂಡ. "ಸರಿ. ನಾನೇ ಬದಲಿ. ಚಾರ್ಜು ಕೊಡು."

ಗೋದಾಮಣ್ಣ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದ. "ನಿನಗೆಲ್ಲಿ ಆಗುತ್ತೆ ಈ ಕೆಲಸ. ಮಗಳು, ಅಳಿಯ ಇರೋ ಮನೆಯವನು. ಅನುಭವ ಇದೆಯಾ?"

"ಅನುಭವವಾ?" ಎಂದ ಲಿಫ್ಟಣ್ಣ. "ಜನ ತುಂಬಿದ ಲಿಫ್ಟಲ್ಲಿ ಅವರಿಗೆ ಬೆನ್ನು ಹಾಕಿ, ಬಾಗಿಲ ಕಡೆ ಮುಖ ಮಾಡಿ ನಿಂತವನು ನಾನು. ನೌಕರಿ ಮುಗಿಯೋ ತನಕ. ಉಸಿರು ಕುತ್ತಿಗೆಗೆ ತಾಗುತ್ತಿತ್ತು, ಅಷ್ಟು ಹತ್ತಿರ. ಮಹಡಿ ನಂಬರು ಬಿಟ್ಟು ಒಬ್ಬರೂ ಒಂದು ಮಾತು ಆಡಿಲ್ಲ ನನ್ನ ಜೊತೆ. ನಿನ್ನ ಥರ ಒಂದರಿಂದ ಹತ್ತು ಅಂತ ಯಾರೂ ಕೇಳಲೂ ಇಲ್ಲ."

ಲಿಫ್ಟು ತಾನಾಗಿಯೇ ಬಾಗಿಲು ಹಾಕಿಕೊಂಡು ಐದಕ್ಕೆ ಹೋಯಿತು, ತರಕಾರಿ ಚೀಲದ ಹೆಂಗಸು ಅಷ್ಟು ಹೊತ್ತೂ ಅದರಲ್ಲೇ ನಿಂತು ಕೇಳುತ್ತಿದ್ದಳು.

"ಅನುಭವ ಇದೆ" ಎಂದು ಗೋದಾಮಣ್ಣ ಒಪ್ಪಿಕೊಂಡ. "ಒಳಗೆ ಬಾ."

ಚಾರ್ಜು ಕೊಡುವುದೆಂದರೆ ಗೋದಾಮಣ್ಣನ ಪ್ರಕಾರ ಹುಡುಗಾಟವಲ್ಲ. ಕೊಡುವವನು, ತೆಗೆದುಕೊಳ್ಳುವವನು ಇಬ್ಬರೂ ಎದುರಿಗಿರಬೇಕು. ಒಂದೊಂದನ್ನೂ ಮುಟ್ಟಿ ತೋರಿಸಬೇಕು. ಕುರ್ಚಿ ತೋರಿಸಿದ, ಅದರ ಒಂದು ಕಾಲು ಗಿಡ್ಡ ಎಂದ. ಬೀಗ, ಕೀಲಿ, ರಿಂಗಾಗದ ಫೋನು, ಆಚೆ ಮನೆಯವರ ಪಾರಿವಾಳ ಕೂರುವ ಕಿಟಕಿ. ಕೊನೆಗೆ ಗೋಡೆ. "ಶನಿವಾರ ಹೇಳೋದು ಇದಕ್ಕೆ. ಆ ಮೂಲೆಗೆ ಹೇಳಬೇಡ, ಅಲ್ಲಿ ಪ್ರತಿಧ್ವನಿ ಬರುತ್ತೆ, ಯಾರೋ ಮಾತಾಡಿದ ಹಾಗಾಗುತ್ತೆ." ಮೇಡಮ್ಮ ಒಂದು ಸ್ಟೂಲು ಎಳೆದುಕೊಂಡು ಕೂತು, ಕೈಯಲ್ಲಿದ್ದ ಪೆನ್ನನ್ನು ಮುಚ್ಚಿಟ್ಟಳು.

"ಇನ್ನೊಂದಿದೆ" ಎಂದ ಗೋದಾಮಣ್ಣ. "ನಾನು ಡ್ಯೂಟಿಗೆ ಬರೋ ಹಿಂದಿನ ದಿನ ನನ್ನ ಸರದಿ ಬಾಕಿ ಇತ್ತು. ಬಾಕಿ ಇಟ್ಕೊಂಡು ಚಾರ್ಜು ಕೊಡೋ ಹಾಗಿಲ್ಲ. ಆಟ ಇದ್ದ ಹಾಗೇ ಜೋಡಿಸು."

ಲಿಫ್ಟಣ್ಣ ಮಡಿಲಿನಿಂದ ಕಾಯಿಗಳನ್ನು ಸುರಿದ. ದಿನಾ ಧೂಳು ಊದಿದವನು, ಒಂದೊಂದು ಮನೆಯೂ ಬಾಯಿಪಾಠ. ಪಟಪಟನೆ ಇಟ್ಟ.

"ನನ್ನ ಒಂಟೆ ಅಲ್ಲಿರಲಿಲ್ಲ" ಎಂದ ಗೋದಾಮಣ್ಣ.

"ಅಲ್ಲೇ ಇತ್ತು. ದಿನಾ ನೋಡಿದವನು ನಾನು."

"ಇಷ್ಟು ದಿನ ಇಲ್ಲಿ ಒಬ್ಬನೇ ಕೂತು ಇದನ್ನೇ ಯೋಚಿಸಿದವನು ನಾನು. ಒಂಟೆ ಇಲ್ಲಿ."

"ಅದು ನಿನ್ನ ಒಂಟಿ ತಲೆಯಲ್ಲಿ ಇದ್ದಿದ್ದು. ಹಲಗೆ ಮೇಲೆ ಇದ್ದಿದ್ದು ಅಲ್ಲಿ."

"ಗೇಟ್ ಪಾಸ್ ತೋರಿಸು."

ಸಂಜೆಯಾಯಿತು. ಒಂಟೆಯ ವಿಚಾರ ಇತ್ಯರ್ಥವಾಗಲಿಲ್ಲ. ಮಗಳು ಫೋನ್ ಮಾಡಿ, "ಎಲ್ಲಿದ್ದೀಯಪ್ಪ?" ಎಂದಳು. "ಡ್ಯೂಟಿಯಲ್ಲಿ" ಎಂದು ಇಟ್ಟ. ಚಾರ್ಜು ಕೊಡುವುದು ಮುಗಿದಿಲ್ಲವಾದ್ದರಿಂದ ಗೋದಾಮಣ್ಣನೂ ಕದಲುವ ಹಾಗಿಲ್ಲ, ತೆಗೆದುಕೊಳ್ಳುವುದು ಮುಗಿದಿಲ್ಲವಾದ್ದರಿಂದ ಲಿಫ್ಟಣ್ಣನೂ ಬರದೇ ಇರುವ ಹಾಗಿಲ್ಲ. ನಾಳೆ ಬೆಳಿಗ್ಗೆ ಮುಂದುವರಿಸುವುದೆಂದು ನಿಶ್ಚಯವಾಯಿತು.

ಮಾರನೆಯ ದಿನವೂ ಮುಂದುವರಿಯಿತು. ಅದರ ಮಾರನೆಯ ದಿನವೂ. ಒಂಟೆ ಸರಿಹೋದರೆ ಕುದುರೆಯ ತಗಾದೆ, ಕುದುರೆ ಸರಿಹೋದರೆ ಕುರ್ಚಿಯ ಯಾವ ಕಾಲು ಗಿಡ್ಡ ಎಂಬ ತಗಾದೆ. ಕೇಂದ್ರದಲ್ಲಿ ಟೀಚರಮ್ಮ ಕಿಟಕಿಯ ಟೇಬಲ್ಲಿನ ಮೇಲೆ ನಿಶ್ಚಿಂತೆಯಿಂದ ಹೆಣಿಗೆ ಹಾಕಿದಳು, ಕನ್ನಡಕ ಮಾತ್ರ ಇನ್ನೂ ತಲೆಯ ಮೇಲೆಯೇ ಇತ್ತು. ಮೇಡಮ್ಮ ಸಂಸ್ಥೆಗೆ, ಮೊದಲ ಆದ್ಯತೆ ಸಿಕ್ಕಿದೆ, ಆದರೆ ಹಸ್ತಾಂತರ ಪ್ರಗತಿಯಲ್ಲಿದೆ ಎಂದು ಬರೆದಳು. ಅವರು ಹಸ್ತಾಂತರ ಇಷ್ಟು ನಿಧಾನವಾಗಲು ಕಾರಣವೇನೆಂದು ಹೊಸ ಸಂಶೋಧನೆ ಕೈಗೊಳ್ಳುವ ಯೋಚನೆಯಲ್ಲಿದ್ದಾರಂತೆ.

ಶನಿವಾರ ಬಂತು. ಗೋದಾಮಣ್ಣ ಆಟ ನಿಲ್ಲಿಸಿ, ಎದ್ದು, ಗೋಡೆಯ ಮುಂದೆ ನಿಂತ. ಬಹಳ ಹೊತ್ತು ನಿಂತ. "ಮೂರು" ಎಂದ. ಮುಖ ಸಣ್ಣದಾಗಿತ್ತು. ವಾಪಸು ಬಂದು ಕೂತು, "ಕೆಲಸ ಕೆಟ್ಟುಹೋಯ್ತು ಕಣೋ" ಎಂದ. "ಒಂಬತ್ತಿದ್ದಿದ್ದು ಎಷ್ಟು ಕೆಳಗೆ ಇಳಿದುಬಿಟ್ಟಿದೆ ನೋಡು."

"ಇಳಿಸೋದು ನನ್ನ ಕಸುಬು" ಎಂದ ಲಿಫ್ಟಣ್ಣ. "ನೀನು ಸುಮ್ನೆ ನಿನ್ನ ಕಾಯಿ ನಡೆಸು."